ಹಳೆ ಸಿನಿಮಾ ಉಳಿಸಿಕೊಳ್ಳುವಾಗ ಬರುವ ತೊಂದರೆಗಳು: ಕ್ಯಾಸೆಟ್‌ನಿಂದ ಫೈಲ್‌ವರೆಗೆ ದೋಷ ಹುಡುಕುವುದು ಹೇಗೆ

ಇಷ್ಟದ ಸಿನಿಮಾ ಒಂದು ವಿಎಚ್‌ಎಸ್ ಕ್ಯಾಸೆಟ್‌ನಲ್ಲಿದೆ. ಅದನ್ನು ಕಂಪ್ಯೂಟರ್‌ಗೆ ತರಬೇಕು. ಹಾಕಿ ನೋಡಿದರೆ ಚಿತ್ರ ನಡುಗುತ್ತದೆ, ಬಣ್ಣ ಹೋಗಿ ಬಂದು ಮಾಡುತ್ತದೆ, ಮಾತು ಒಂದು ಕಡೆ ತುಟಿ ಒಂದು ಕಡೆ. ಇಂಥ ಹೊತ್ತಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: ಟೇಪ್ ಹಾಳಾಗಿದೆ. ಕ್ಯಾಸೆಟ್ ಕಸಕ್ಕೆ ಹೋಗುತ್ತದೆ. ಎಷ್ಟೋ ಸಲ ಆ ಟೇಪಿಗೆ ಏನೂ ಆಗಿರುವುದಿಲ್ಲ.

ವಿಎಚ್‌ಎಸ್ ಜಪಾನ್‌ನಲ್ಲಿ ಮಾರುಕಟ್ಟೆಗೆ ಬಂದದ್ದು 1976ರಲ್ಲಿ. 1993ರಲ್ಲಿ ವಿಸಿಡಿ, 1996ರಲ್ಲಿ ಡಿವಿಡಿ, 2006ರಲ್ಲಿ ಬ್ಲೂ-ರೇ ಬಂದವು. ಕ್ಯಾಸೆಟ್ ಓಡಿಸುವ ಯಂತ್ರವಾದ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಫುನಾಯ್ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಅಂದರೆ ಇವತ್ತು ನಿಮ್ಮ ಕೈಯಲ್ಲಿರುವ ವಿಸಿಆರ್ ಯಾವುದೇ ಇರಲಿ, ಅದು ಹಳೆಯದೇ. ಒಳಗಿನ ರಬ್ಬರ್ ಗಟ್ಟಿಯಾಗಿರುತ್ತದೆ, ಗ್ರೀಸ್ ಒಣಗಿರುತ್ತದೆ, ಟೇಪ್ ಓದುವ ಹೆಡ್ ಸವೆದಿರುತ್ತದೆ. ಆದ್ದರಿಂದ ಮೊದಲ ಅನುಮಾನ ಯಂತ್ರದ ಮೇಲಿರಲಿ.

ಒಂದು ಸಿನಿಮಾ ಟೇಪಿನಿಂದ ಫೈಲ್ ಆಗುವ ದಾರಿಯಲ್ಲಿ ಹಲವು ಕೊಂಡಿಗಳಿವೆ: ಟೇಪ್ ಅಥವಾ ಡಿಸ್ಕ್, ಓದುವ ಯಂತ್ರ, ಕೇಬಲ್, ಸಿಗ್ನಲ್ಲನ್ನು ಕಂಪ್ಯೂಟರ್‌ಗೆ ಇಳಿಸುವ ಕ್ಯಾಪ್ಚರ್ ಸಾಧನ, ಸಾಫ್ಟ್‌ವೇರ್, ಕೊನೆಗೆ ಫೈಲ್ ಮತ್ತು ಅದನ್ನು ತೋರಿಸುವ ಪ್ಲೇಯರ್. ದೋಷ ಕಂಡ ಜಾಗದಿಂದ ಒಂದೊಂದೇ ಕೊಂಡಿ ಹಿಂದಕ್ಕೆ ಹೋಗಬೇಕು. ಯಾವ ಕೊಂಡಿಯಲ್ಲಿ ತಪ್ಪಿದೆ ಎಂದು ಗೊತ್ತಾಗುವವರೆಗೂ ಯಾವುದನ್ನೂ ಬಿಚ್ಚಬೇಡಿ, ಯಾವುದನ್ನೂ ಬಿಸಾಡಬೇಡಿ.

ಎಲ್ಲಕ್ಕಿಂತ ಮೊದಲು: ಅದೇ ಜಾಗ ಮತ್ತೆ ಹಾಕಿ

ದೋಷ ಕಂಡ ಕೂಡಲೇ ಕೌಂಟರ್ ನೋಡಿ ಸಮಯ ಬರೆದುಕೊಳ್ಳಿ. ಅರ್ಧ ನಿಮಿಷ ಹಿಂದಕ್ಕೆ ಸುತ್ತಿ ಅದೇ ಜಾಗ ಮತ್ತೆ ನೋಡಿ. ಬಿಳಿ ಗೆರೆ ಅದೇ ಮಾತಿನ ಮೇಲೆ, ಪರದೆಯ ಅದೇ ಎತ್ತರದಲ್ಲಿ ಬಂದರೆ ಅದು ಟೇಪಿನಲ್ಲೇ ಇದೆ. ಆ ಜಾಗದ ಕಾಂತೀಯ ಲೇಪನ ಉದುರಿದೆ, ಇಲ್ಲವೇ ರೆಕಾರ್ಡ್ ಆದಾಗಲೇ ಆ ಗೆರೆ ಅಲ್ಲಿತ್ತು. ಎರಡನೇ ಸಲ ಗೆರೆ ಬೇರೆ ಜಾಗಕ್ಕೆ ಹೋದರೆ, ಅಥವಾ ಬರಲೇ ಇಲ್ಲವಾದರೆ, ಟೇಪನ್ನು ಬಿಟ್ಟು ಯಂತ್ರದ ಕಡೆ ನೋಡಿ.

ಆಮೇಲೆ ಚೆನ್ನಾಗಿದೆ ಎಂದು ಗೊತ್ತಿರುವ ಬೇರೆ ಕ್ಯಾಸೆಟ್ ಹಾಕಿ. ಅದರಲ್ಲೂ ಅದೇ ತೊಂದರೆ ಬಂದರೆ ವಿಸಿಆರ್‌ನದೇ ತಪ್ಪು. ಹಾಗಿಲ್ಲದಿದ್ದರೆ ಕಂಪ್ಯೂಟರ್ ಬಿಟ್ಟು ವಿಸಿಆರನ್ನು ನೇರವಾಗಿ ಟಿವಿಗೆ ಜೋಡಿಸಿ ನೋಡಿ. ಟಿವಿಯಲ್ಲಿ ಸರಿಯಾಗಿದ್ದು ಕಂಪ್ಯೂಟರ್‌ನಲ್ಲಿ ಮಾತ್ರ ಕೆಟ್ಟರೆ ಕ್ಯಾಪ್ಚರ್ ಕೊಂಡಿಯನ್ನು ಹುಡುಕಿ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳು ಕುಂಟುವ ಸಿಗ್ನಲ್ಲನ್ನೂ ಸಹಿಸಿಕೊಂಡು ಚಿತ್ರ ತೋರಿಸುತ್ತವೆ. ಕ್ಯಾಪ್ಚರ್ ಕಾರ್ಡ್‌ಗಳಿಗೆ ಆ ತಾಳ್ಮೆ ಇಲ್ಲ. ಟಿವಿಯಲ್ಲಿ ಚೆನ್ನಾಗಿ ಕಂಡ ಮಾತ್ರಕ್ಕೆ ಟೇಪಿನ ಸಿಗ್ನಲ್ ಪೂರ್ತಿ ಸರಿ ಇದೆ ಎಂದು ತೀರ್ಮಾನಿಸಬೇಡಿ.

ಯಂತ್ರಕ್ಕೆ ಹಾಕುವ ಮುನ್ನ

ಕ್ಯಾಸೆಟ್‌ನ ಕಿಟಕಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಸುತ್ತಿದ ಟೇಪಿನ ಅಂಚು ನುಣ್ಣಗೆ, ಒಂದೇ ಕಪ್ಪು ಬಣ್ಣದಲ್ಲಿ ಇರಬೇಕು. ಬಿಳಿ ಪುಡಿಯೋ ಹತ್ತಿಯ ಎಳೆಯಂಥದ್ದೋ ಚುಕ್ಕೆ ಚುಕ್ಕೆಯಾಗಿ ಕಂಡರೆ ಅದು ಬೂಷ್ಟು. ಅಂಥ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಲೇಬೇಡಿ. ಒಂದು ಕ್ಯಾಸೆಟ್‌ನ ಬೂಷ್ಟು ಹೆಡ್‌ಗೆ ಅಂಟಿ, ಆಮೇಲೆ ಹಾಕುವ ಎಲ್ಲ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಬೇರೆ ಇಡಿ. ಶುಚಿ ಮಾಡುವ ಕೆಲಸ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಆಗಬೇಕು. ಒಂದೇ ಒಂದು ಪ್ರತಿ ಇರುವ ಸಿನಿಮಾ ಆದರೆ ಟೇಪ್ ಸರಿಪಡಿಸುವವರ ಕೈಗೆ ಕೊಡುವುದೇ ಒಳ್ಳೆಯದು.

ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಟೇಪ್ ಸರಿಯಾಗಿ ಸುತ್ತಿಕೊಂಡಿಲ್ಲ ಎಂದರ್ಥ. ಕೊನೆಯವರೆಗೂ ಒಮ್ಮೆ ಮುಂದಕ್ಕೆ ಓಡಿಸಿ, ಮತ್ತೆ ಪೂರ್ತಿ ಹಿಂದಕ್ಕೆ ಸುತ್ತಿ. ಎಳೆತ ಎಲ್ಲ ಕಡೆ ಒಂದೇ ಆಗುತ್ತದೆ. ವರ್ಷಗಟ್ಟಲೆ ಅಲುಗಾಡದೆ ಕೂತ ಟೇಪಿನಲ್ಲಿ ಇಷ್ಟು ಮಾಡಿದರೇ ಸುಮಾರು ನಡುಕ ಹೋಗಿಬಿಡುತ್ತದೆ. ತಣ್ಣನೆಯ ಜಾಗದಿಂದ ತಂದ ಕ್ಯಾಸೆಟ್ಟನ್ನು ಕೂಡಲೇ ಹಾಕಬೇಡಿ, ತೇವ ಕೂತಿರುತ್ತದೆ. ಒಂದು ದಿನ ಕೋಣೆಯಲ್ಲಿ ಹಾಗೇ ಬಿಡಿ.

ಪೆಟ್ಟಿಗೆ ಒಡೆದಿದ್ದರೆ, ಚಕ್ರ ಸಿಕ್ಕಿಕೊಂಡಿದ್ದರೆ ಟೇಪಿಗೆ ಅಪಾಯವಿಲ್ಲ. ವಿಎಚ್‌ಎಸ್ ಪೆಟ್ಟಿಗೆಗೆ ಹಿಂದೆ ಐದು ಸ್ಕ್ರೂ ಇರುತ್ತವೆ. ಬಿಚ್ಚಿ, ಎರಡೂ ಸುರುಳಿಗಳನ್ನು ಎತ್ತಿ, ಬೇರೆ ಖಾಲಿ ಪೆಟ್ಟಿಗೆಗೆ ಅದೇ ದಾರಿಯಲ್ಲಿ ಕೂರಿಸಬಹುದು. ಬಿಚ್ಚುವ ಮುನ್ನ ಒಂದು ಫೋಟೋ ತೆಗೆದುಕೊಳ್ಳಿ, ಟೇಪ್ ಯಾವ ಕಂಬದ ಯಾವ ಬದಿಯಲ್ಲಿ ಹೋಗುತ್ತದೆ ಎಂಬುದು ಆಮೇಲೆ ನೆನಪಿರುವುದಿಲ್ಲ. ಟೇಪ್ ತುಂಡಾಗಿದ್ದರೆ ಜೋಡಿಸಲು ಸ್ಪ್ಲೈಸಿಂಗ್ ಟೇಪೇ ಬೇಕು. ಮಾಮೂಲಿ ಸೆಲ್ಲೋಟೇಪಿನ ಅಂಟು ಹರಿದು ಹೆಡ್‌ಗೆ ಮೆತ್ತಿಕೊಳ್ಳುತ್ತದೆ. ಅಂಟಿಸುವುದು ಹೆಡ್‌ಗೆ ತಾಗದ ಬದಿಗೆ, ಅಂದರೆ ಸುರುಳಿಯ ಒಳಮುಖಕ್ಕೆ.

ಚಿತ್ರದ ತುಂಬ ಹಿಮ, ಗೆರೆ, ನಡುಕ

ವಿಎಚ್‌ಎಸ್ ಟೇಪಿನ ಅಗಲ 12.65 ಮಿಲಿಮೀಟರ್. ಅದರ ಮೇಲೆ ಚಿತ್ರ ಓರೆ ಗೆರೆಗಳಾಗಿ ಬರೆದಿರುತ್ತದೆ. ಪಾಲ್ ಎಂಬ ಟಿವಿ ಪದ್ಧತಿಯ ಮಾಮೂಲಿ ವೇಗದಲ್ಲಿ ಒಂದೊಂದು ಗೆರೆಯ ಅಗಲ 49 ಮೈಕ್ರೋಮೀಟರ್ ಅಷ್ಟೇ. ತಿರುಗುವ ಡ್ರಮ್ ಮೇಲಿನ ಹೆಡ್ ಸರಿಯಾಗಿ ಆ ಗೆರೆಯ ಮೇಲೇ ಓಡಬೇಕು. ಪಾಲ್‌ನಲ್ಲಿ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಇಷ್ಟು ಗೊತ್ತಿದ್ದರೆ ಪರದೆಯ ಮೇಲೆ ಕಾಣುವ ಕಸಕ್ಕೆಲ್ಲ ಅರ್ಥ ಸಿಗುತ್ತದೆ.

ಹಿಮ ಇಡೀ ಚಿತ್ರದ ಮೇಲೆ ಮಿಣಮಿಣ ಅಂತ ಇದ್ದು, ಹಿಂದೆ ಚಿತ್ರ ಮಸುಕಾಗಿ ಕಂಡರೆ ಎರಡು ಹೆಡ್‌ಗಳಲ್ಲಿ ಒಂದು ಕಟ್ಟಿಕೊಂಡಿದೆ. ಒಂದೊಂದು ಹೆಡ್ ಚಿತ್ರದ ಅರ್ಧರ್ಧ ಗೆರೆಗಳನ್ನು ಓದುತ್ತದೆ. ಒಂದಕ್ಕೆ ಕೊಳೆ ಹತ್ತಿದರೆ ಅದರ ಪಾಲಿಗೆ ಹಿಮ ಬರುತ್ತದೆ. ಚಿತ್ರ ಪೂರ್ತಿ ಹೋಗಿ ಸದ್ದು ಮಾತ್ರ ಬಂದರೆ ಎರಡೂ ಕಟ್ಟಿಕೊಂಡಿವೆ. ಕೆಲವು ವಿಸಿಆರ್‌ಗಳು ಸಿಗ್ನಲ್ ಕ್ಷೀಣವಾದ ಕೂಡಲೇ ಹಿಮದ ಬದಲು ನೀಲಿ ಪರದೆ ತೋರಿಸಿಬಿಡುತ್ತವೆ. ಮೆನುವಿನಲ್ಲಿ ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ನೋಡಬಹುದಾದ ದೃಶ್ಯವೂ ನೀಲಿಯಾಗಿ ಹೋಗುತ್ತದೆ, ದೋಷ ಯಾವುದು ಎಂದೂ ತಿಳಿಯುವುದಿಲ್ಲ.

ಹೆಡ್ ಶುಚಿ ಮಾಡಲು ಎಳೆ ಬಿಡದ ಬಟ್ಟೆ ಅಥವಾ ಮೆತ್ತನೆಯ ಚರ್ಮದ ತುಂಡು, ಜೊತೆಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಪ್ಲಗ್ ಕಿತ್ತುಬಿಡಿ. ಒದ್ದೆ ಬಟ್ಟೆಯನ್ನು ಡ್ರಮ್‌ಗೆ ಹಗುರವಾಗಿ ಒತ್ತಿ ಹಿಡಿದು ಅಲ್ಲಾಡಿಸದೆ ನಿಲ್ಲಿಸಿ. ಇನ್ನೊಂದು ಕೈಯಲ್ಲಿ ಡ್ರಮ್‌ನ ಮೇಲ್ತುದಿ ಹಿಡಿದು ನಿಧಾನವಾಗಿ ತಿರುಗಿಸಿ. ಬಟ್ಟೆ ಮೇಲೆ ಕಂದು ಗೆರೆ ಬೀಳುತ್ತದೆ, ಅದೇ ಟೇಪಿನಿಂದ ಉದುರಿದ ಪುಡಿ. ಗೆರೆ ಬೀಳುವುದು ನಿಲ್ಲುವವರೆಗೂ ಬಟ್ಟೆಯ ಜಾಗ ಬದಲಿಸುತ್ತಾ ಮಾಡಿ. ಬಟ್ಟೆಯನ್ನು ಯಾವ ಕಾರಣಕ್ಕೂ ಮೇಲಿಂದ ಕೆಳಗೆ ಉಜ್ಜಬೇಡಿ. ಹೆಡ್‌ನ ತುದಿ ಕಣ್ಣಿಗೂ ಸರಿಯಾಗಿ ಕಾಣದಷ್ಟು ಚಿಕ್ಕದು, ಹಾಗೆ ಎಳೆದರೆ ಮುರಿಯುತ್ತದೆ. ಇಯರ್‌ಬಡ್ ಕೂಡ ಬೇಡ, ಹತ್ತಿಯ ಎಳೆ ಸಿಕ್ಕಿಕೊಂಡು ಹೆಡ್ಡನ್ನು ಕಿತ್ತುಬಿಡಬಹುದು. ಆಲ್ಕೋಹಾಲ್ ಪೂರ್ತಿ ಆರಿದ ಮೇಲೇ ಕ್ಯಾಸೆಟ್ ಹಾಕಿ.

ಶುಚಿ ಮಾಡಿ ಹತ್ತು ನಿಮಿಷಕ್ಕೆ ಮತ್ತೆ ಹೆಡ್ ಕಟ್ಟಿಕೊಂಡರೆ, ಆಗ ಮಾತ್ರ ಟೇಪಿನ ಮೇಲೆ ಅನುಮಾನಪಡಿ. ಲೇಪನವನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಸಡಿಲವಾಗಿ ಉದುರುತ್ತಿದೆ. ಅಂಥ ಟೇಪನ್ನು ಸುಮ್ನೆ ಓಡಿಸುತ್ತಾ ಇದ್ದರೆ ಸಿನಿಮಾನೇ ಪುಡಿಯಾಗಿ ಬೀಳುತ್ತದೆ. ನಿಲ್ಲಿಸಿ. ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ತೇವ ತೆಗೆಯುವ ಕ್ರಮ ಇದೆ, ಆದರೆ ಅದು ಅಡುಗೆಮನೆಯ ಓವನ್‌ನಲ್ಲಿ ಮಾಡುವ ಕೆಲಸ ಖಂಡಿತ ಅಲ್ಲ.

ಗೆರೆಗಳ ಪಟ್ಟಿ ನಿಧಾನವಾಗಿ ಮೇಲಕ್ಕೋ ಕೆಳಕ್ಕೋ ಸರಿಯುತ್ತಿದ್ದರೆ ಟ್ರ್ಯಾಕಿಂಗ್ ಗುಂಡಿ ತಿರುಗಿಸಿ ಸರಿಮಾಡಬಹುದು. ಪಟ್ಟಿ ಪರದೆಯ ಮೇಲ್ಭಾಗದಲ್ಲೋ ಕೆಳಭಾಗದಲ್ಲೋ ಒಂದೇ ಕಡೆ ನಿಂತು, ಟ್ರ್ಯಾಕಿಂಗ್‌ಗೂ ಜಗ್ಗದಿದ್ದರೆ ಟೇಪ್ ಓಡುವ ದಾರಿಯ ಗೈಡ್ ಕಂಬಗಳು ತಪ್ಪಿವೆ. ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ ಆದರೆ, ರೆಕಾರ್ಡ್ ಮಾಡಿದ ಯಂತ್ರದ ಕಂಬಗಳೇ ಆಗ ತಪ್ಪಿದ್ದಿರಬಹುದು. ಆ ಯಂತ್ರ ಇನ್ನೂ ಇದ್ದರೆ ಅದರಲ್ಲೇ ಓಡಿಸಿ ನೋಡಿ. ಬೇರೆ ಎಲ್ಲ ಕಡೆ ಕೆಟ್ಟದಾಗಿ ಕಾಣುವ ಟೇಪ್ ತನ್ನದೇ ಯಂತ್ರದಲ್ಲಿ ನೀಟಾಗಿ ಬರುತ್ತದೆ. ಎರಡು ಮೂರು ವಿಸಿಆರ್‌ಗಳಲ್ಲಿ ಪ್ರಯತ್ನಿಸದೆ ಒಂದು ಟೇಪಿನ ಬಗ್ಗೆ ತೀರ್ಪು ಕೊಡಬಾರದು ಎಂದು ನಾನು ಹೇಳುವುದು ಇದಕ್ಕೇ.

ಚಿತ್ರದ ಮೇಲಿನ ಅಂಚು ಓರೆಯಾಗಿ ಬಾಗುವುದು, ನೇರ ಕಂಬಗಳು ಅಲೆಅಲೆಯಾಗಿ ಕಾಣುವುದು ಬೇರೆ ಕಥೆ. ಪ್ರತಿ ಗೆರೆಯೂ ಸರಿಯಾದ ಹೊತ್ತಿಗೆ ಶುರುವಾಗುತ್ತಿಲ್ಲ. ಇದಕ್ಕೆ ಮದ್ದು ಟೈಮ್ ಬೇಸ್ ಕರೆಕ್ಟರ್, ಅಂದರೆ ಗೆರೆಗಳ ಹೊತ್ತು ಸರಿಪಡಿಸುವ ಸಾಧನ. ಕೆಲವು ಒಳ್ಳೆಯ ಎಸ್-ವಿಎಚ್‌ಎಸ್ ಯಂತ್ರಗಳ ಒಳಗೇ ಅದು ಇರುತ್ತದೆ. ಈ ದೋಷವನ್ನು ಕ್ಯಾಪ್ಚರ್ ಆದ ಮೇಲೆ ಸಾಫ್ಟ್‌ವೇರ್‌ನಲ್ಲಿ ಸರಿಮಾಡುವುದು ಬಹಳ ಕಷ್ಟ. ಹಣ ಖರ್ಚು ಮಾಡುವುದಾದರೆ ಬೇರೆಲ್ಲಕ್ಕಿಂತ ಮೊದಲು ಇದಕ್ಕೆ ಮಾಡಿ.

ಪರದೆಯ ತೀರಾ ಕೆಳಗೆ ಕೆಲವೇ ಗೆರೆಗಳಷ್ಟು ಎತ್ತರದ ಕಸ ಸದಾ ಇರುತ್ತದಲ್ವಾ, ಅದು ದೋಷವೇ ಅಲ್ಲ. ಒಂದು ಹೆಡ್‌ನಿಂದ ಇನ್ನೊಂದಕ್ಕೆ ಬದಲಾಗುವ ಜಾಗ ಅದು. ಹಳೆ ಟಿವಿಗಳು ಅಂಚನ್ನು ಮುಚ್ಚಿಬಿಡುತ್ತಿದ್ದವು, ಆದ್ದರಿಂದ ಆಗ ಯಾರಿಗೂ ಕಾಣುತ್ತಿರಲಿಲ್ಲ.

ಬಣ್ಣವೇ ಇಲ್ಲ

ಬಣ್ಣದ ಸಿನಿಮಾ ಕಪ್ಪು-ಬಿಳುಪಾಗಿ ಬಂದರೆ ಮೊದಲು ಕೇಳಬೇಕಾದ್ದು: ಇದು ಪಾಲ್ ಟೇಪೋ, ಎನ್‌ಟಿಎಸ್‌ಸಿ ಟೇಪೋ? ಪಾಲ್‌ನಲ್ಲಿ 625 ಗೆರೆ, ಸೆಕೆಂಡಿಗೆ 25 ಚಿತ್ರ. ಎನ್‌ಟಿಎಸ್‌ಸಿಯಲ್ಲಿ 525 ಗೆರೆ, ಸುಮಾರು 30 ಚಿತ್ರ. ಹೊರದೇಶದಿಂದ ಬಂದ ಕ್ಯಾಸೆಟ್‌ಗಳಲ್ಲಿ ಈ ಗೊಂದಲ ಜಾಸ್ತಿ. ಕೆಲವು ಪಾಲ್ ವಿಸಿಆರ್‌ಗಳು ಎನ್‌ಟಿಎಸ್‌ಸಿ ಟೇಪನ್ನು ಓದಿ, ಎರಡರ ಮಿಶ್ರಣದಂಥ ಒಂದು ಸಿಗ್ನಲ್ ಕೊಡುತ್ತವೆ. ಟಿವಿ ಅದನ್ನು ಬಣ್ಣದಲ್ಲೇ ತೋರಿಸುತ್ತದೆ, ಕ್ಯಾಪ್ಚರ್ ಕಾರ್ಡ್‌ಗೆ ಮಾತ್ರ ಬಣ್ಣ ಅರ್ಥವಾಗುವುದಿಲ್ಲ. ಕ್ಯಾಪ್ಚರ್ ಸಾಫ್ಟ್‌ವೇರ್‌ನಲ್ಲಿ ಪಾಲ್-60 ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿ. ಇಲ್ಲವಾದರೆ ನಿಜವಾದ ಎನ್‌ಟಿಎಸ್‌ಸಿ ಯಂತ್ರ ಹುಡುಕಿ.

ಪದ್ಧತಿ ಸರಿ ಇದ್ದೂ ಬಣ್ಣ ಬರದಿದ್ದರೆ ಎಸ್-ವಿಡಿಯೋ ಕೇಬಲ್ ನೋಡಿ. ಅದರಲ್ಲಿ ಬೆಳಕಿಗೆ ಒಂದು ತಂತಿ, ಬಣ್ಣಕ್ಕೆ ಇನ್ನೊಂದು. ಸಣ್ಣ ಪಿನ್ ಒಂದು ಬಾಗಿದರೆ ಬಣ್ಣ ಮಾತ್ರ ಮಾಯ.

ಬೆಳಕು ಏರುತ್ತದೆ, ಇಳಿಯುತ್ತದೆ

ಚಿತ್ರ ಕೆಲವು ಸೆಕೆಂಡಿಗೊಮ್ಮೆ ಕತ್ತಲಾಗಿ ಮತ್ತೆ ಬೆಳಗಾದರೆ, ಅದೂ ಕಂಪನಿ ಮಾರಿದ ಕ್ಯಾಸೆಟ್‌ನಲ್ಲಿ ಮಾತ್ರ ಹೀಗಾದರೆ, ಟೇಪಿಗೂ ಯಂತ್ರಕ್ಕೂ ಏನೂ ಆಗಿಲ್ಲ. ಅದು ಮ್ಯಾಕ್ರೋವಿಷನ್ ಎಂಬ ಕಾಪಿ ತಡೆ. ರೆಕಾರ್ಡ್ ಮಾಡುವ ಯಂತ್ರದ ಬೆಳಕು ಹೊಂದಿಸುವ ವ್ಯವಸ್ಥೆಯನ್ನು ಅದು ಬೇಕೆಂದೇ ದಾರಿ ತಪ್ಪಿಸುತ್ತದೆ. ಟಿವಿಯಲ್ಲಿ ನೇರ ನೋಡಿದರೆ ಕಾಣುವುದಿಲ್ಲ. ಅಂಥ ಕ್ಯಾಸೆಟ್‌ನಿಂದ ಸ್ವಂತಕ್ಕೆ ಪ್ರತಿ ಮಾಡಿಕೊಳ್ಳಬಹುದೇ ಎಂಬುದು ದೇಶದಿಂದ ದೇಶಕ್ಕೆ ಬೇರೆ. ನಿಮ್ಮಲ್ಲಿನ ಕಾನೂನು ನೋಡಿಕೊಂಡು ಮುಂದುವರಿಯಿರಿ. ಟಿವಿಯಿಂದ ರೆಕಾರ್ಡ್ ಮಾಡಿದ ಕ್ಯಾಸೆಟ್‌ನಲ್ಲಿ ಹೀಗಾದರೆ ಕ್ಯಾಪ್ಚರ್ ಕಾರ್ಡ್‌ನ ತಾನೇ ಬೆಳಕು ಹೊಂದಿಸುವ ಸೌಲಭ್ಯ ಆಫ್ ಮಾಡಿ ನೋಡಿ.

ಸದ್ದಿನಲ್ಲಿ ಪಟಪಟ, ಗುಂಯ್

ಹೈಫೈ ವಿಸಿಆರ್‌ನಲ್ಲಿ ಸದ್ದು ಎರಡು ಕಡೆ ಇರುತ್ತದೆ. ಹೈಫೈ ಸದ್ದನ್ನು ತಿರುಗುವ ಡ್ರಮ್ಮೇ ಚಿತ್ರದ ಅಡಿಯಲ್ಲಿ ಬರೆಯುತ್ತದೆ. ಮಾಮೂಲಿ ಸದ್ದು ಟೇಪಿನ ಅಂಚಿನಲ್ಲಿ ಉದ್ದಕ್ಕೆ ಓಡುತ್ತದೆ. ಟ್ರ್ಯಾಕಿಂಗ್ ಸ್ವಲ್ಪ ತಪ್ಪಿದರೂ ಹೈಫೈ ಪಟಪಟ ಎನ್ನುತ್ತದೆ. ಆಗ ಆಡಿಯೋ ಆಯ್ಕೆಯಲ್ಲಿ ಮೊನೊ ಅಥವಾ ನಾರ್ಮಲ್‌ಗೆ ಬದಲಿಸಿ. ಸದ್ದು ಮಂದವಾಗಿ ಬಂದರೂ ಮುರಿಯದೆ ಬರುತ್ತದೆ. ಎರಡನ್ನೂ ಬೇರೆಬೇರೆ ಕ್ಯಾಪ್ಚರ್ ಮಾಡಿ, ಹೈಫೈ ಕೆಟ್ಟ ಜಾಗಗಳಲ್ಲಿ ಮಾತ್ರ ಮೊನೊ ತುಂಡು ಕೂರಿಸಿದರೆ ಹಾಡುಗಳು ಚೆನ್ನಾಗಿ ಉಳಿಯುತ್ತವೆ. ನಿಲ್ಲದೆ ಗುಂಯ್ ಎನ್ನುವ ಸದ್ದು ಟೇಪಿನದಲ್ಲ, ವಿಸಿಆರ್ ಮತ್ತು ಕಂಪ್ಯೂಟರ್ ಬೇರೆಬೇರೆ ಪ್ಲಗ್‌ನಲ್ಲಿರುವುದರಿಂದ ಬರುವ ಅರ್ತಿಂಗ್ ತೊಂದರೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ.

ಮಾತಿಗೂ ತುಟಿಗೂ ಹೊಂದಾಣಿಕೆ ತಪ್ಪಿದೆ

ಎಲ್ಲಕ್ಕಿಂತ ಜಾಸ್ತಿ ಗೋಳು ಇದರದೇ. ಆದರೆ ಇದನ್ನು ಹುಡುಕುವುದು ಸುಲಭ. ಫೈಲಿನ ಆರಂಭ, ನಡು, ಕೊನೆ, ಮೂರು ಕಡೆ ನೋಡಿ. ಬಾಗಿಲು ಬಡಿಯುವುದು, ಚಪ್ಪಾಳೆ, ಲೋಟ ಮೇಜಿನ ಮೇಲೆ ಇಡುವುದು, ಇಂಥ ಒಂದು ಕ್ಷಣ ಆರಿಸಿಕೊಳ್ಳಿ. ಮಾತಿಗಿಂತ ಇದರಲ್ಲಿ ಅಂತರ ಸ್ಪಷ್ಟವಾಗಿ ತಿಳಿಯುತ್ತದೆ. ಒಂದೊಂದು ಕಡೆ ಎಷ್ಟು ತಪ್ಪಿದೆ ಎಂದು ಬರೆದುಕೊಳ್ಳಿ.

ಮೂರೂ ಕಡೆ ಒಂದೇ ಅಂತರ ಇದ್ದರೆ ಸದ್ದನ್ನು ಅಷ್ಟೇ ಹಿಂದೆ ಅಥವಾ ಮುಂದೆ ಸರಿಸಿದರೆ ಮುಗಿಯಿತು. ಆರಂಭದಲ್ಲಿ ಸರಿ, ಒಂದು ಗಂಟೆಗೆ ಅರ್ಧ ಸೆಕೆಂಡ್, ಎರಡು ಗಂಟೆಗೆ ಒಂದು ಸೆಕೆಂಡ್ ಎಂದು ಸಮನಾಗಿ ಬೆಳೆಯುತ್ತಾ ಹೋದರೆ, ಚಿತ್ರ ಹಿಡಿದ ಗಡಿಯಾರವೂ ಸದ್ದು ಹಿಡಿದ ಗಡಿಯಾರವೂ ಬೇರೆಬೇರೆ. ಚಿತ್ರಕ್ಕೆ ಯುಎಸ್‌ಬಿ ಸಾಧನ, ಸದ್ದಿಗೆ ಕಂಪ್ಯೂಟರ್‌ನ ಮೈಕ್ ಜಾಕ್ ಬಳಸಿದರೆ ಹೀಗೇ ಆಗುವುದು. ಸದ್ದನ್ನೂ ಅದೇ ಸಾಧನದ ಮೂಲಕ ತನ್ನಿ. ಮತ್ತೆ ಕ್ಯಾಪ್ಚರ್ ಮಾಡಲು ಆಗದಿದ್ದರೆ ಸದ್ದನ್ನು ಸ್ವಲ್ಪ ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು. ಎರಡು ಗಂಟೆಗೆ ಒಂದು ಸೆಕೆಂಡ್ ಎಂದರೆ 7200ರಲ್ಲಿ ಒಂದು ಭಾಗ, ಕಿವಿಗೆ ಗೊತ್ತೂ ಆಗುವುದಿಲ್ಲ.

ನಲವತ್ತನೇ ನಿಮಿಷದವರೆಗೂ ಸರಿಯಿದ್ದು ಅಲ್ಲಿಂದ ಧಡಕ್ಕನೆ ತಪ್ಪಿದರೆ, ಆ ಜಾಗದಲ್ಲಿ ಚಿತ್ರದ ಕೆಲವು ಫ್ರೇಮ್‌ಗಳು ಬಿದ್ದುಹೋಗಿವೆ. ಟೇಪಿನ ಸಿಗ್ನಲ್ ಅಲ್ಲಿ ಎಡವಿದೆ, ಕಾರ್ಡ್ ಫ್ರೇಮ್ ಬಿಟ್ಟಿದೆ, ಸದ್ದು ಮಾತ್ರ ನಿಲ್ಲದೆ ಓಡಿದೆ. ಕ್ಯಾಪ್ಚರ್ ಸಾಫ್ಟ್‌ವೇರ್ ಬಿದ್ದ ಫ್ರೇಮ್‌ಗಳ ಲೆಕ್ಕ ತೋರಿಸುತ್ತದೆ, ಅದನ್ನು ನೋಡುತ್ತಾ ಇರಿ. ಲೆಕ್ಕ ಯಾವಾಗಲೂ ಟೇಪಿನ ಅದೇ ಜಾಗದಲ್ಲಿ ಏರಿದರೆ ಟೈಮ್ ಬೇಸ್ ಕರೆಕ್ಟರ್ ಬೇಕು. ಎಲ್ಲೆಂದರಲ್ಲಿ ಏರಿದರೆ ಹಾರ್ಡ್ ಡಿಸ್ಕ್ ನಿಧಾನ, ಅಥವಾ ಕಂಪ್ಯೂಟರ್‌ನಲ್ಲಿ ಬೇರೆ ಕೆಲಸ ನಡೆಯುತ್ತಿದೆ.

ಓಡಿದಾಗ ಬಾಚಣಿಗೆ ಹಲ್ಲು

ನಿಂತ ದೃಶ್ಯ ಸರಿ, ಯಾರಾದರೂ ಕೈ ಬೀಸಿದರೆ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ. ಇದು ಇಂಟರ್‌ಲೇಸ್. ಟೇಪಿನಲ್ಲಿ ಒಂದು ಚಿತ್ರ ಎರಡು ಅರ್ಧಗಳಾಗಿ ಬರುತ್ತದೆ, ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸುತ್ತಿದೆ. ಮೂಲ ಫೈಲನ್ನು ಇದಕ್ಕಾಗಿ ಮುಟ್ಟಬೇಡಿ. ಪ್ಲೇಯರ್‌ನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಅಷ್ಟೇ. ಸಿನಿಮಾಗೆ ಸಂಬಂಧಿಸಿದಂತೆ ಇನ್ನೊಂದು ವಿಷಯ ತಿಳಿದಿರಲಿ. ಪಾಲ್ ಟೇಪಿನ ಸಿನಿಮಾದಲ್ಲಿ ಎರಡೂ ಅರ್ಧಗಳು ಫಿಲ್ಮಿನ ಒಂದೇ ಫ್ರೇಮಿನಿಂದ ಬಂದಿರುತ್ತವೆ. ಆದರೂ ಹಲ್ಲು ಕಂಡರೆ ಅರ್ಧಗಳ ಜೋಡಿ ತಪ್ಪಿದೆ. ಅದನ್ನು ಸರಿಯಾಗಿ ಜೋಡಿಸಿದರೆ ಸಾಕು, ಯಾವ ವಿವರವೂ ನಷ್ಟವಾಗದೆ ಪೂರ್ತಿ ಚಿತ್ರ ಸಿಗುತ್ತದೆ.

ಹಲ್ಲು ಇಲ್ಲ, ಆದರೆ ಚಿತ್ರ ಮೊದಲಿಗಿಂತ ಮಸುಕು, ಚಲನೆ ಕಡಿದಂತೆ ಎನಿಸಿದರೆ ಮಧ್ಯೆ ಯಾವುದೋ ಡಬ್ಬಿ ಒಂದು ಅರ್ಧವನ್ನು ಬಿಸಾಡುತ್ತಿದೆ. ಹಳದಿ ಪಿನ್ನಿನ ಸಿಗ್ನಲ್ಲನ್ನು ಎಚ್‌ಡಿಎಂಐ ಮಾಡುವ ಅಗ್ಗದ ಪರಿವರ್ತಕಗಳಲ್ಲಿ ಇದು ಮಾಮೂಲು. ಟಿವಿಗೆ ಜೋಡಿಸಿ ನೋಡಲು ಅವು ಪರವಾಗಿಲ್ಲ. ಉಳಿಸಿಡುವ ಪ್ರತಿಗೆ ಬೇಡವೇ ಬೇಡ. ಪಾಲ್ ಆದರೆ 720×576, ಎನ್‌ಟಿಎಸ್‌ಸಿ ಆದರೆ 720×480ರಲ್ಲಿ, ಇಂಟರ್‌ಲೇಸ್ ಹಾಗೇ ಇಟ್ಟು ಹಿಡಿಯಿರಿ. ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1 ಕೋಡೆಕ್ (ಫೈಲ್ ಕುಗ್ಗಿಸುವ ವಿಧಾನ) ಬಳಸಿದರೆ ಒಂದು ಚುಕ್ಕೆಯೂ ನಷ್ಟವಿಲ್ಲ. ಏನೂ ಕುಗ್ಗಿಸದ ಪಾಲ್ ಚಿತ್ರಕ್ಕೆ ಗಂಟೆಗೆ ಸುಮಾರು 75 ಜಿಬಿ ಬೇಕು, ಈ ಕೋಡೆಕ್‌ಗಳಲ್ಲಿ ಅದು ಸಾಕಷ್ಟು ಇಳಿಯುತ್ತದೆ. ನೋಡಲು ಮತ್ತು ಹಂಚಿಕೊಳ್ಳಲು ಚಿಕ್ಕ ಎಂಪಿ4 ಫೈಲನ್ನು ಆಮೇಲೆ ಇದರಿಂದಲೇ ಮಾಡಿಕೊಳ್ಳಿ.

ಮುಖ ಉದ್ದ, ಮುಖ ಅಗಲ

ಡಿವಿಡಿಯ ಚುಕ್ಕೆಗಳು ಚೌಕವಲ್ಲ. ಪಾಲ್ ಡಿವಿಡಿಯಲ್ಲಿ ಹಳೆ ಟಿವಿ ಆಕಾರದ ಸಿನಿಮಾವೂ ಅಗಲ ಪರದೆಯ ಸಿನಿಮಾವೂ 720×576ರಲ್ಲೇ ಇರುತ್ತದೆ. ಯಾವ ಆಕಾರಕ್ಕೆ ಹಿಗ್ಗಿಸಬೇಕು ಎಂಬ ಸೂಚನೆ ಪಕ್ಕದಲ್ಲಿ ಬರೆದಿರುತ್ತದೆ. ಪರಿವರ್ತನೆಯಲ್ಲಿ ಆ ಸೂಚನೆ ಕಳೆದುಹೋದರೆ ಎಲ್ಲರ ಮುಖ ಉದ್ದವಾಗುತ್ತದೆ ಅಥವಾ ಅಗಲವಾಗುತ್ತದೆ. ಫೈಲ್ ಮತ್ತೆ ಮಾಡಬೇಕಿಲ್ಲ. ಎಂಕೆವಿ ಫೈಲಿನಲ್ಲಿ ಆಕಾರದ ಸೂಚನೆಯನ್ನಷ್ಟೇ ತಿದ್ದಬಹುದು, ಚಿತ್ರ ಹಾಗೇ ಇರುತ್ತದೆ.

ಸಿನಿಮಾ ಚಿಕ್ಕದಾಗಿದೆ

ಡಬ್ಬಿ ಮೇಲೆ 150 ನಿಮಿಷ ಎಂದಿದೆ, ಫೈಲ್ 144 ನಿಮಿಷ. ದೃಶ್ಯ ಕತ್ತರಿಸಿದ್ದಾರೆ ಎಂದು ಕೋಪ ಬರುವುದು ಸಹಜ. ಮೊದಲು ಭಾಗಾಕಾರ ಮಾಡಿ ನೋಡಿ. ಸಿನಿಮಾ ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ಪಾಲ್ 25. ಪಾಲ್‌ಗೆ ತರುವಾಗ ಸಿನಿಮಾವನ್ನೇ ಸುಮಾರು 4% ವೇಗವಾಗಿ ಓಡಿಸುತ್ತಾರೆ. 150ಕ್ಕೆ 144 ಎಂದರೆ ಸರಿಯಾಗಿ ಅದೇ ಲೆಕ್ಕ. ಒಂದು ದೃಶ್ಯವೂ ಹೋಗಿಲ್ಲ. ಹಾಡುಗಳು ಮಾತ್ರ ಅರ್ಧ ಸ್ವರಕ್ಕಿಂತ ಸ್ವಲ್ಪ ಕಡಿಮೆ ಅಂತರದಷ್ಟು ಮೇಲೆ ಕೇಳುತ್ತವೆ. ಸಂಗೀತದ ಕಿವಿ ಇರುವವರು ಇದನ್ನು ಕೂಡಲೇ ಹಿಡಿಯುತ್ತಾರೆ. ಎನ್‌ಟಿಎಸ್‌ಸಿ ಡಿವಿಡಿಯ ಸದ್ದನ್ನು ಪಾಲ್ ಚಿತ್ರಕ್ಕೆ ಕೂರಿಸಿದರೆ ಗಂಟೆಗೆ ಎರಡು ನಿಮಿಷಕ್ಕಿಂತ ಜಾಸ್ತಿ ತಪ್ಪುವುದೂ ಇದರಿಂದಲೇ.

ಲೆಕ್ಕ ಹೊಂದದಿದ್ದರೆ ನಿಜವಾಗಿಯೂ ಕತ್ತರಿ ಬಿದ್ದಿದೆ. ಟಿವಿಯಲ್ಲಿ ಪ್ರಸಾರವಾದ ಪ್ರತಿ, ವಿಸಿಡಿಗೆ ಹೊಂದಿಸಿದ ಪ್ರತಿ, ಡಿವಿಡಿ ಪ್ರತಿ, ಮೂರರ ಉದ್ದವೂ ಬೇರೆ ಇರಬಹುದು. ಅಗಲದ ಸಿನಿಮಾವನ್ನು ಟಿವಿ ಆಕಾರಕ್ಕೆ ತರಲು ಎರಡು ಬದಿ ಕತ್ತರಿಸಿರಬಹುದು. ಹೊಸ ರೂಪದಲ್ಲಿ ಬಂದದ್ದೇ ಪೂರ್ತಿ ಸಿನಿಮಾ ಎಂದು ನಂಬಿ ಹಳೆಯದನ್ನು ಬಿಟ್ಟರೆ, ಹಳೆ ಟೇಪಿನಲ್ಲಿ ಮಾತ್ರ ಇದ್ದ ದೃಶ್ಯ ಹೋಗಿಬಿಡುತ್ತದೆ. ನನಗೆ ಅತಿ ಬೇಸರ ತರುವ ನಷ್ಟ ಇದು, ಏಕೆಂದರೆ ಇದನ್ನು ಯಾವ ಯಂತ್ರವೂ ವಾಪಸ್ ತರುವುದಿಲ್ಲ.

ಡಿಸ್ಕ್ ಓದುತ್ತಿಲ್ಲ

ಬೆಳಕಿಗೆ ಹಿಡಿದು ನೋಡಿ. ಸಿಡಿ, ವಿಸಿಡಿಗಳಲ್ಲಿ ಪ್ರತಿಫಲಿಸುವ ಲೋಹದ ಪದರ ಲೇಬಲ್‌ನ ಕೆಳಗೇ ಇರುತ್ತದೆ, ಮೇಲೆ ತೆಳ್ಳನೆ ಲ್ಯಾಕರ್ ಅಷ್ಟೇ. ಲೇಬಲ್ ಬದಿಯ ಗೀರು ಬೆಳಕು ತೂರುವಷ್ಟಿದ್ದರೆ ಆ ಭಾಗ ಹೋಯಿತು. ಓದುವ ಬದಿಯ ಗೀರು ಅಷ್ಟು ಭಯಂಕರವಲ್ಲ, ಪಾಲಿಶ್ ಮಾಡಿದರೆ ಎಷ್ಟೋ ಸಲ ಓದುತ್ತದೆ. ಡಿವಿಡಿ 0.6 ಮಿಲಿಮೀಟರ್‌ನ ಎರಡು ಹಾಳೆಗಳನ್ನು ಅಂಟಿಸಿ ಮಾಡಿದ್ದು, ಮಾಹಿತಿ ನಡುವೆ ಇರುತ್ತದೆ. ಅಲ್ಲಿ ತೊಂದರೆ ಅಂಟಿನಿಂದ ಬರುತ್ತದೆ. ಅಂಟು ಕೆಟ್ಟರೆ ಲೋಹ ಮಂಕಾಗುತ್ತದೆ, ಗೀರು ಒಂದೂ ಇಲ್ಲದ ಡಿಸ್ಕ್ ಕೂಡ ನಡುವೆ ನಿಂತುಬಿಡುತ್ತದೆ. 2006ರಿಂದ 2008ರ ನಡುವೆ ತಯಾರಾದ ತನ್ನ ಕೆಲವು ಡಿವಿಡಿಗಳಲ್ಲಿ ತೊಂದರೆ ಇದೆ ಎಂದು ವಾರ್ನರ್ ಬ್ರದರ್ಸ್ 2025ರಲ್ಲಿ ಒಪ್ಪಿಕೊಂಡಿತು. ಹಾಗಾಗಿ ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ ಎಂದು ನೆಮ್ಮದಿಯಾಗಿರಬೇಡಿ. ವರ್ಷಕ್ಕೊಮ್ಮೆಯಾದರೂ ಹಾಕಿ ಕೊನೆಯವರೆಗೂ ಓಡಿಸಿ. ಸಿನಿಮಾದ ನಡುವೆ ಒಂದೇ ಜಾಗದಲ್ಲಿ ಕ್ಷಣಮಾತ್ರ ನಿಂತು ಮುಂದುವರಿದರೆ ಮಾತ್ರ ಹೆದರಬೇಕಿಲ್ಲ. 8.5 ಜಿಬಿಯ ಎರಡು ಪದರದ ಡಿಸ್ಕ್‌ನಲ್ಲಿ ಲೇಸರ್ ಪದರ ಬದಲಿಸುವ ಜಾಗ ಅದು.

ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಿದರೆ, ಬೀಳುವ ಗೀರು ಮಾಹಿತಿಯ ಸಾಲಿನ ಉದ್ದಕ್ಕೂ ಬೀಳುತ್ತದೆ. ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಕೈಬಿಟ್ಟದ್ದನ್ನು ಇನ್ನೊಂದು ಸರಾಗ ಓದುವುದು ದಿನನಿತ್ಯದ ಅನುಭವ. ಮನೆಯಲ್ಲಿ ಬರೆದ ಡಿವಿಡಿಗೆ ಡಿಡಿರೆಸ್ಕ್ಯೂ ಎಂಬ ಸಾಫ್ಟ್‌ವೇರ್ ಬಹಳ ಒಳ್ಳೆಯದು. ಅದು ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ತೆಗೆದು, ಕಷ್ಟದ ಜಾಗಗಳನ್ನು ಪಟ್ಟಿ ಮಾಡಿಟ್ಟು, ಆಮೇಲೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅದೇ ಪಟ್ಟಿ ಇಟ್ಟುಕೊಂಡು ಡಿಸ್ಕನ್ನು ಬೇರೆ ಡ್ರೈವ್‌ಗೆ ಹಾಕಿ ಉಳಿದದ್ದನ್ನು ಮುಂದುವರಿಸಬಹುದು.

ವಿಸಿಡಿಗೆ ಈ ದಾರಿ ಹೊಂದುವುದಿಲ್ಲ. ವಿಸಿಡಿಯಲ್ಲಿ ಜಾಗ ಉಳಿಸಲು ದೋಷ ತಿದ್ದುವ ಒಂದು ಪದರವನ್ನೇ ಬಿಟ್ಟಿದ್ದಾರೆ. 74 ನಿಮಿಷ ಹಿಡಿಸಬೇಕಿತ್ತಲ್ಲ. ಪ್ಲೇಯರ್ ಸಣ್ಣ ತಪ್ಪನ್ನು ಚೌಕಚೌಕ ಚುಕ್ಕೆಗಳಾಗಿ ತೋರಿಸಿ ಮುಂದೆ ಹೋಗುತ್ತದೆ. ಕಂಪ್ಯೂಟರ್‌ನಲ್ಲಿ ಡಿಎಟಿ ಫೈಲ್ ಕಾಪಿ ಮಾಡಲು ಹೋದರೆ ಮಾತ್ರ ಎರರ್ ಎಂದು ಇಡೀ ಫೈಲನ್ನೇ ಬಿಡುತ್ತದೆ. ತಪ್ಪಿದ್ದರೂ ಬಿಡದೆ ಡಿಸ್ಕ್‌ನಲ್ಲಿರುವುದನ್ನು ಇದ್ದದ್ದು ಇದ್ದ ಹಾಗೆ ಓದುವ ಸಾಫ್ಟ್‌ವೇರ್ ಬಳಸಿ. ಕೆಲವು ಚೌಕ ಚುಕ್ಕೆ ಇದ್ದರೂ ಸಿನಿಮಾ ಸಿಗುತ್ತದೆ. ವಿಸಿಡಿಯ ಚಿತ್ರ ಪಾಲ್‌ನಲ್ಲಿ 352×288 ಮಾತ್ರ. ಅದನ್ನು ಮತ್ತೆ ಕುಗ್ಗಿಸಬೇಡಿ, ಬಂದ ಎಂಪೆಗ್ ಹಾಗೇ ಇಡಿ.

ಡಿವಿಡಿ ರೆಕಾರ್ಡರ್‌ನಲ್ಲಿ ಬರೆದ ಡಿಸ್ಕ್ ಬೇರೆಲ್ಲೂ ಖಾಲಿ ಎಂದು ತೋರಿಸಿದರೆ ಅದನ್ನು ಫೈನಲೈಸ್ ಮಾಡಿಲ್ಲ, ಅಂದರೆ ಬೇರೆ ಯಂತ್ರಗಳೂ ಓದುವಂತೆ ಮುಗಿಸಿಲ್ಲ. ಅದೇ ರೆಕಾರ್ಡರ್ ಸಿಕ್ಕರೆ ಮೆನುವಿನಿಂದ ಮುಗಿಸಿ. ಸಿಗದಿದ್ದರೆ ಐಸೋಬಸ್ಟರ್‌ನಂಥ ಸಾಫ್ಟ್‌ವೇರ್ ಒಳಗಿನದನ್ನು ಹೊರತೆಗೆಯಬಲ್ಲದು. ಡಿವಿಡಿಯ ವಿಡಿಯೋ ಟಿಎಸ್ ಫೋಲ್ಡರ್‌ನಲ್ಲಿ ಪ್ಲೇಯರ್‌ಗೆ ದಾರಿ ತೋರಿಸುವ ಐಎಫ್‌ಒ ಫೈಲ್ ಕೆಟ್ಟಿದ್ದರೆ ಅದೇ ಹೆಸರಿನ ಬಿಯುಪಿ ಫೈಲ್ ಪಕ್ಕದಲ್ಲೇ ಇರುತ್ತದೆ. ಫೋಲ್ಡರನ್ನು ಹಾರ್ಡ್ ಡಿಸ್ಕ್‌ಗೆ ತಂದು, ಬಿಯುಪಿಯ ಒಂದು ಪ್ರತಿಗೆ ಐಎಫ್‌ಒ ಎಂದು ಹೆಸರಿಟ್ಟರೆ ಸಾಕು, ಅದು ಇದಕ್ಕೆಂದೇ ಇಟ್ಟ ನಕಲು.

ಫೈಲ್ ತೆರೆಯುತ್ತದೆ, ಆದರೆ ಏನೋ ಸರಿಯಿಲ್ಲ

ಹೋದ ವರ್ಷ ಸರಿಯಾಗಿದ್ದ ಫೈಲ್ ಈಗ ಮಧ್ಯದಲ್ಲಿ ಹಸಿರು ಚೌಕ ತೋರಿಸುತ್ತಿದೆ. ಬೇರೆ ಪ್ಲೇಯರ್‌ನಲ್ಲಿ ತೆರೆದು ನೋಡಿ, ಪ್ಲೇಯರ್‌ನದೇ ತಪ್ಪಿರಬಹುದು. ಅಲ್ಲೂ ಅದೇ ಜಾಗದಲ್ಲಿ ಬಂದರೆ ಫೈಲ್ ಬದಲಾಗಿದೆಯೇ ಎಂದು ಖಚಿತ ಮಾಡಿಕೊಳ್ಳಲು ಇರುವುದು ಒಂದೇ ದಾರಿ, ಚೆಕ್‌ಸಮ್, ಅಂದರೆ ಫೈಲಿನ ಬೆರಳಚ್ಚಿನಂಥ ಒಂದು ಸಂಖ್ಯೆ. ಫೈಲ್ ಮಾಡಿದ ದಿನವೇ ಎಸ್‌ಎಚ್‌ಎ-256 ಲೆಕ್ಕ ತೆಗೆದು ಪಕ್ಕದಲ್ಲಿ ಒಂದು ಪಠ್ಯ ಫೈಲಿನಲ್ಲಿ ಇಟ್ಟಿರಬೇಕು. ಒಂದು ಬಿಟ್ ಬದಲಾದರೂ ಆ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಚೆಕ್‌ಸಮ್ ಇಲ್ಲದಿದ್ದರೆ, ಕೆಟ್ಟ ಫೈಲನ್ನೇ ಒಳ್ಳೆಯ ಪ್ರತಿಯ ಮೇಲೆ ಕಾಪಿ ಮಾಡಿಬಿಡುವ ಅಪಾಯ ಇದೆ.

ಪ್ರತಿಗಳು ಮೂರಿರಲಿ. ಎರಡು ಬೇರೆಬೇರೆ ಬಗೆಯ ಸಾಧನಗಳಲ್ಲಿ, ಒಂದು ಮನೆಯಿಂದ ಹೊರಗೆ. ಎಸ್‌ಎಸ್‌ಡಿಯನ್ನು ಕರೆಂಟ್ ಇಲ್ಲದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಇಡಬೇಡಿ, ಅದರಲ್ಲಿರುವ ವಿದ್ಯುದಂಶ ನಿಧಾನವಾಗಿ ಸೋರುತ್ತದೆ. ಸುಮ್ಮನೆ ಇಟ್ಟ ಹಾರ್ಡ್ ಡಿಸ್ಕನ್ನೂ ಆಗಾಗ ಜೋಡಿಸಿ ಚೆಕ್‌ಸಮ್ ಹೋಲಿಸಿ. ಹೊಂದದ ಫೈಲ್ ಸಿಕ್ಕರೆ ಮೊದಲು ಆ ಡಿಸ್ಕ್‌ಗೆ ಬರೆಯುವುದನ್ನು ನಿಲ್ಲಿಸಿ, ಉಳಿದ ಎರಡು ಪ್ರತಿಗಳಲ್ಲಿ ಸರಿಯಿರುವುದನ್ನು ಹೊಸ ಡಿಸ್ಕ್‌ಗೆ ತನ್ನಿ.

ಇಷ್ಟೆಲ್ಲ ಆದ ಮೇಲೂ ಟೇಪನ್ನು ಇಟ್ಟುಕೊಳ್ಳಿ. ಮುಂದೆ ಇನ್ನೂ ಒಳ್ಳೆಯ ಯಂತ್ರ ಕೈಗೆ ಸಿಕ್ಕರೆ ಅದರಿಂದ ಇನ್ನೂ ಒಳ್ಳೆಯ ಪ್ರತಿ ತೆಗೆಯಬಹುದು. ರೆಕಾರ್ಡ್ ತಡೆಯುವ ಪ್ಲಾಸ್ಟಿಕ್ ಚೂರು ಮುರಿದುಹಾಕಿ. ಪೂರ್ತಿ ಒಂದು ಕಡೆಗೆ ಸುತ್ತಿ, ನೆಟ್ಟಗೆ ನಿಲ್ಲಿಸಿ, ತಂಪಾದ ಒಣ ಜಾಗದಲ್ಲಿ, ಸ್ಪೀಕರ್‌ಗಳಿಂದ ದೂರ ಇಡಿ. ಯಾವ ಯಂತ್ರದಲ್ಲಿ ಚೆನ್ನಾಗಿ ಓಡಿತು, ಟ್ರ್ಯಾಕಿಂಗ್ ಎಲ್ಲಿಟ್ಟಿದ್ದಿರಿ, ಯಾವ ನಿಮಿಷದಲ್ಲಿ ಏನು ದೋಷ ಇದೆ ಎಂದು ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಹಾಕಿ.